ಮಗುವಿಗೆ ಓದು ಬರುವ ತನಕ ನಾವೇನು ಮಾಡಬೇಕು?

ಆರು ತುಂಬಿದರೂ ನನ್ನ ಮಗಳು ಓದುತ್ತಿರಲಿಲ್ಲ. ಪಕ್ಕದ ಮನೆ ಹುಡುಗ ಆಗಲೇ ಪೇಪರ್ ಓದುತ್ತಿದ್ದ. ಗಾಬರಿಯಾಗಿ ದಿನಾ ಸಂಜೆ ಕೂರಿಸಿ ಅಆಇಈ ತಿದ್ದಿಸಿದೆ. ಅವಳು ಸ್ಲೇಟು ಕಂಡರೆ ಮಂಚದ ಕೆಳಗೆ ಸೇರತೊಡಗಿದಳು. ಅಲ್ಲಿಗೆ ನಿಲ್ಲಿಸಿದೆ.

ವರ್ಣಮಾಲೆಯ 49 ಅಕ್ಷರಗಳನ್ನೂ ಸಾಲಾಗಿ ಹೇಳಿಸಲೇಬೇಕು ಅಂತೇನಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳಲ್ಲಿ ನಲಿಯುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಎಲ್ಲ ಸಿಕ್ಕಿಬಿಡುತ್ತವೆ! ಅಲ್ಲಿ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕೆಯ ಏಣಿಯನ್ನು ಪ್ರತಿ ಮಗುವೂ ತನ್ನ ವೇಗದಲ್ಲೇ ಹತ್ತುತ್ತದೆ.

ರಾತ್ರಿ ಹತ್ತು ನಿಮಿಷ ನೀವೇ ಓದಿ ಹೇಳಿ. ಬೆರಳು ಪದದ ಕೆಳಗೆ ಸಾಗುತ್ತಿರಲಿ. ಅದೇ ಕಥೆ ಮತ್ತೆ ಬೇಕು ಅಂದರೆ ಮತ್ತೆ ಓದಿ. "ಇದ್ಯಾವ ಅಕ್ಷರ ಹೇಳು" ಅನ್ನುವ ಪರೀಕ್ಷೆ ಮಾತ್ರ ಬೇಡ. ಪ, ಷ ಅದಲುಬದಲಾದರೆ ಸುಮ್ನೆ ಸರಿಯಾಗಿ ಓದಿ ಮುಂದೆ ಹೋಗಿ. ಒತ್ತಕ್ಷರಕ್ಕೆ ಇನ್ನೂ ಜಾಸ್ತಿ ಸಮಯ ಬೇಕು, ಬಿಡಿ. ಪುಸ್ತಕವನ್ನು ತೀರಾ ಮುಖದ ಹತ್ತಿರ ಹಿಡಿದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಮೊನ್ನೆ ದೇವರ ಮನೆಯಲ್ಲಿ ಮಗಳು ಪೊಟ್ಟಣ ಎತ್ತಿಕೊಂಡು, "ಅ... ಗ... ರ..." ಅಂದಳು. "ಮುಂದಿನದು ನೀನು ಓದಮ್ಮ." ನಾನು "ಬತ್ತಿ" ಅಂದೆ.