ಯೂನಿಫಾರ್ಮ್ ಒಳಗೆ ಕಾಟನ್ ಬನಿಯನ್ನೇ ಇರಲಿ
ಸೈನ್ಯದಲ್ಲಿರೋ ಮಗನಿಗೋ ತಮ್ಮನಿಗೋ ರಾಯಚೂರಿಂದ ಬಟ್ಟೆ ಕಳಿಸುವವರು ಕಾಟನ್ ಬನಿಯನ್ನೇ ಕಳಿಸಿ, ಮಿರಮಿರ ಮಿಂಚುವ ಜಿಮ್ ಟೀ ಶರ್ಟ್ ಬೇಡ. (ಹತ್ತಿ ಬೆಳೆಯೋ ಊರಲ್ಲಿದ್ದು ಪಾಲಿಯೆಸ್ಟರ್ ಯಾಕೆ ಅಲ್ವಾ?) ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಸುಮಾರು 250 ಡಿಗ್ರಿಯಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿ ಕರಗುವುದಿಲ್ಲ. 2006ರಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಮರೀನ್ ಪಡೆ, ಕ್ಯಾಂಪಿನಿಂದ ಹೊರಗೆ ಹೋಗುವಾಗ ಪಾಲಿಯೆಸ್ಟರಿನಂಥ ಕರಗುವ ಬಟ್ಟೆ ಹಾಕಬಾರದು ಅಂತಲೇ ಆದೇಶ ಮಾಡಿತ್ತು. ಅನುಮಾನ ಬಂದರೆ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ: ಮೆತ್ತನೆ ಬೂದಿಯಾದರೆ ಹತ್ತಿ, ಗಟ್ಟಿ ಮಣಿ ಉಳಿದರೆ ಪಾಲಿಯೆಸ್ಟರ್. ಮಿಕ್ಸ್ ಬಟ್ಟೆಯಲ್ಲಿ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ, ಲೇಬಲ್ ಓದಿ. ಹತ್ತಿಯೂ ಉರಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಚೆಲ್ಲಿಕೊಂಡ ಮೇಲೆ ಯಾವ ಬನಿಯನ್ನೂ ಕಾಪಾಡಲ್ಲ, ತಕ್ಷಣ ಬದಲಿಸಬೇಕು.