ಅಡಿಲೇಡ್‌ನ ಒಣ ಬೇಸಿಗೆ: ಹಾಸನ, ಚಿಕ್ಕಮಗಳೂರಿನಿಂದ ಬರುವವರಿಗೆ

ಜನವರಿ ಕೊನೆಯಲ್ಲಿ ಹಾಸನ ಬಿಡುವವರು ಸ್ವೆಟರ್ ತೊಟ್ಟು ಬಸ್ ಹತ್ತುತ್ತಾರೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಇಳಿಯುವಾಗ ನಡುಬೇಸಿಗೆ. ಇಲ್ಲಿನ ವಿಶ್ವವಿದ್ಯಾಲಯಗಳ ವರ್ಷ ಶುರುವಾಗುವುದು ಫೆಬ್ರವರಿ ಕೊನೆ, ಮಾರ್ಚ್ ಮೊದಲಿನಲ್ಲಿ. ಹಾಗಾಗಿ ನಮ್ಮೂರಿನ ಮಕ್ಕಳು ಹೆಚ್ಚಾಗಿ ಈ ಉರಿಬಿಸಿಲಿಗೇ ಬಂದಿಳಿಯುತ್ತಾರೆ. ನಾನು ರಜೆಗೆ ಹಾಸನಕ್ಕೆ ಹೋದಾಗಲೆಲ್ಲ ತಾಯಂದಿರು ಕೇಳುವುದು ಒಂದೇ ಮಾತು: "ಅಲ್ಲಿ ನಲವತ್ತು ಡಿಗ್ರಿಯಂತೆ, ಮಗು ಹೇಗೆ ತಡೆದುಕೊಳ್ಳುತ್ತದೆ?"

ತಡೆದುಕೊಳ್ಳುತ್ತದೆ, ಅಮ್ಮ. ಎರಡು ವರ್ಷ ಕಳೆದರೆ ಡಿಸೆಂಬರ್ ಯಾವಾಗ ಬಂದೀತು ಎಂದು ಕಾಯುತ್ತದೆ.

2019ರ ಜನವರಿ 24ರಂದು ಈ ಊರು 46.6 ಡಿಗ್ರಿ ಮುಟ್ಟಿದ್ದು ನಿಜ. ಆದರೆ ಅಂಥ ದಿನಗಳು ವಿರಳ. ಬೇಸಿಗೆಯ ಸಾಮಾನ್ಯ ಮಧ್ಯಾಹ್ನ ಮೂವತ್ತರ ಆಸುಪಾಸಿನಲ್ಲಿರುತ್ತದೆ. ನೀವು ಅರಿಯಬೇಕಾದದ್ದು ಗಾಳಿಯ ಒಣಗುಣವನ್ನು. ಆಸ್ಟ್ರೇಲಿಯಾದ ರಾಜ್ಯಗಳ ರಾಜಧಾನಿ ನಗರಗಳಲ್ಲಿ ಅತಿ ಕಡಿಮೆ ಮಳೆ ಬೀಳುವುದು ಇಲ್ಲಿ. ಬೀಳುವ ಮಳೆಯೂ ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದ್ದು. ಅಂಟು ಬೆವರಿಲ್ಲ, ಮೈ ಮುಜುಗರವಿಲ್ಲ. ಮರದ ನೆರಳಿಗೆ ಸರಿದರೆ ಸಾಕು, ಬಿಸಿಲು ಸೋಲೊಪ್ಪುತ್ತದೆ. ಅರಸೀಕೆರೆ, ಕಡೂರಿನ ಕಡೆಯವರಿಗೆ ಇದು ಬೇಗ ಒಗ್ಗುತ್ತದೆ. ಸಕಲೇಶಪುರ, ಮೂಡಿಗೆರೆಯವರಿಗೆ ತುಟಿ ಒಡೆದು ಮೊದಲ ವಾರ ಕಷ್ಟವೆನಿಸುತ್ತದೆ. ಕೊಬ್ಬರಿ ಎಣ್ಣೆ ಕೈಗೆಟಕುವಂತಿರಲಿ.

ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಮೈಯಿಂದ ನೀರು ಹೋದದ್ದೇ ಗೊತ್ತಾಗುವುದಿಲ್ಲ. ಬಾಯಾರುವ ಮುಂಚೆ ಕುಡಿಯಿರಿ. ಉಪ್ಪು ಹಾಕಿದ ನೀರುಮಜ್ಜಿಗೆಗೆ ಸಮನಾದದ್ದು ಇನ್ನೊಂದಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳ ಸೂಚ್ಯಂಕವನ್ನು ಹವಾಮಾನ ವರದಿಯಲ್ಲಿ ದಿನವೂ ಕೊಡುತ್ತಾರೆ. ಅದು 3 ಮುಟ್ಟಿದರೆ ಟೋಪಿ, ಸನ್‌ಸ್ಕ್ರೀನ್ ಬೇಕು. ಜನವರಿಯಲ್ಲಿ 10 ದಾಟುವುದು ಮಾಮೂಲು. ನಮ್ಮ ಕಪ್ಪು ಚರ್ಮಕ್ಕೆ ಏನೂ ಆಗದು ಎಂಬ ಮಾತನ್ನು ನಂಬಬೇಡಿ. ಬೆಳಿಗ್ಗೆಯೇ ಕಿಟಕಿ, ಪರದೆ ಮುಚ್ಚಿ ರಾತ್ರಿ ಎಲ್ಲವನ್ನೂ ತೆರೆದಿಡಿ. ಬಾಡಿಗೆ ಮನೆಯ ಚಾವಣಿಯ ಮೇಲೆ ನೀರಿನ ಕೂಲರ್ ಇದ್ದರೆ ಅದೃಷ್ಟವೆಂದುಕೊಳ್ಳಿ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗಿ ಮನೆ ತಂಪಾಗುತ್ತದೆ, ಕರೆಂಟು ಖರ್ಚೂ ಕಡಿಮೆ. ಅದು ನಡೆಯುವಾಗ ಮಾತ್ರ ಕಿಟಕಿಯನ್ನು ಸ್ವಲ್ಪ ತೆರೆದಿರಬೇಕು.

ಇನ್ನು ಸುಖದ ಮಾತು. ನನ್ನ ಮಟ್ಟಿಗೆ ಈ ಬೇಸಿಗೆಯ ಮೊದಲ ಸುಖ ಒಣಹಾಕುವುದು. ಮಲೆನಾಡಿನಲ್ಲಿ ಹಲಸಿನ ಹಪ್ಪಳವನ್ನು ಮಳೆ ಹಿಡಿಯುವುದರೊಳಗೆ ಮಾಡಿ ಮುಗಿಸುವ ಧಾವಂತ ನಿಮಗೆ ಗೊತ್ತು. ಕಣದಲ್ಲಿ ಕಾಫಿ ಹರಡಿದ ಮೇಲೆ ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವುದನ್ನೂ ಬಲ್ಲಿರಿ. ಇಲ್ಲಿ ಆ ಆತಂಕವಿಲ್ಲ. ಬೆಳಿಗ್ಗೆ ಹಳೆಯ ಪಂಚೆಯ ಮೇಲೆ ಇಟ್ಟ ಅಕ್ಕಿ ಸಂಡಿಗೆ ಸಂಜೆಗೆ ಪಂಚೆಯಿಂದ ತಾನಾಗಿ ಏಳುತ್ತದೆ. ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ, ಬೂದುಗುಂಬಳದ ಸಂಡಿಗೆ, ನಿಂಬೆಯ ಒಣ ಉಪ್ಪಿನಕಾಯಿ ಎಲ್ಲಕ್ಕೂ ಇದೇ ಕಾಲ. ಸಂಕ್ರಾಂತಿಯೂ ಈ ಬಿಸಿಲಿನಲ್ಲೇ ಬರುತ್ತದೆ. ಹಾಸನದ ಎಳೆಬಿಸಿಲಿನಲ್ಲಿ ದಿನಗಟ್ಟಲೆ ತಿರುವಿಹಾಕುವ ಎಳ್ಳು-ಬೆಲ್ಲದ ಕೊಬ್ಬರಿ ಚೂರು ಇಲ್ಲಿ ಅರ್ಧ ದಿನಕ್ಕೇ ಗರಿಗರಿಯಾಗುತ್ತದೆ. ಒಂದೇ ಎಚ್ಚರಿಕೆ: ಗಾಳಿ ಜೋರು, ಪಂಚೆಯ ನಾಲ್ಕು ಮೂಲೆಗೂ ಕಲ್ಲಿಡಿ. ಈ ಧಗೆಯಲ್ಲಿ ದೋಸೆ ಹಿಟ್ಟೂ ಬಹು ಬೇಗ ಹುಳಿಯುತ್ತದೆ. ಉಬ್ಬಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ.

ಮಾವು ಇಲ್ಲಿ ಕ್ರಿಸ್‌ಮಸ್ ಹೊತ್ತಿಗೆ ದೇಶದ ಉತ್ತರ ಭಾಗದಿಂದ ಬರುತ್ತದೆ. ರುಚಿ ನಮ್ಮ ಬಾದಾಮಿಯದ್ದಲ್ಲ, ಆದರೂ ರಸಾಯನಕ್ಕೆ ಒಳ್ಳೆಯದು. ಡಿಸೆಂಬರ್‌ನಲ್ಲಿ ಅಡಿಲೇಡ್ ಹಿಲ್ಸ್‌ನ ತೋಟಗಳಲ್ಲಿ ಚೆರ್ರಿಯನ್ನು ನಾವೇ ಕಿತ್ತುಕೊಳ್ಳಬಹುದು. ಏಪ್ರಿಕಾಟ್ ಮರವಿರುವ ನೆರೆಯವರು ಬುಟ್ಟಿಗಟ್ಟಲೆ ಹಂಚುತ್ತಾರೆ. ಸ್ವಲ್ಪ ಕಾಯಿಯಾಗಿರುವಾಗಲೇ ಬೆಲ್ಲ, ಮೆಂತ್ಯ, ಒಣಮೆಣಸು ಹಾಕಿ ಗೊಜ್ಜು ಮಾಡಿ. ಮಾವಿನಕಾಯಿ ಗೊಜ್ಜಿನ ಆಸೆ ತೀರುತ್ತದೆ.

ಸಂಜೆಯನ್ನು ಮನೆಯೊಳಗೆ ಕಳೆಯಬೇಡಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಜನವರಿಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟೂವರೆ. ಇಲ್ಲಿನ ಕಡಲು ಪಶ್ಚಿಮಕ್ಕಿದೆ, ಕೊಲ್ಲಿಯಾದ್ದರಿಂದ ಅಲೆ ಸೌಮ್ಯ. ಊರಿನ ನಡುವಿನಿಂದ ಟ್ರಾಮ್ ಹತ್ತಿದರೆ ನೇರ ಗ್ಲೆನೆಲ್ಗ್ ತೀರ. ಗದ್ದಲ ಬೇಡವಾದರೆ ಸೆಮಾಫೋರ್‌ಗೆ ಹೋಗಿ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬಂದ ನಮ್ಮವರು ಅಲ್ಲಿ ಖಂಡಿತ ಸಿಗುತ್ತಾರೆ. ಈಜು ಬರದವರು ನೀರಿಗೆ ಇಳಿಯುವುದಾದರೆ ಜೀವರಕ್ಷಕರು ಕಾಯುವ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ.

ಇನ್ನೊಂದು ಸುಖವನ್ನು ಅನುಭವಿಸಿಯೇ ತಿಳಿಯಬೇಕು. ಉತ್ತರದ ಮರುಭೂಮಿಯ ಗಾಳಿ ಎರಡು ಮೂರು ದಿನ ಸುಟ್ಟ ಮೇಲೆ ನೈಋತ್ಯದಿಂದ ಕಡಲ ಗಾಳಿ ನುಗ್ಗುತ್ತದೆ. ಇಲ್ಲಿಯವರು ಕೂಲ್ ಚೇಂಜ್ ಎನ್ನುತ್ತಾರೆ. ಗಂಟೆಯೊಳಗೆ ಹತ್ತು ಡಿಗ್ರಿ ಇಳಿಯುವುದುಂಟು. ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ, ಮಾತನಾಡದ ನೆರೆಯವರೂ ಹೊರಬಂದು ನಗುತ್ತಾರೆ. ಕಾಫಿ ತೋಟದವರು ಹೂಮಳೆಗೆ ಕಾಯುವಂತೆ ಇಡೀ ಊರು ಇದಕ್ಕೆ ಕಾಯುತ್ತದೆ.

ಕಾಳ್ಗಿಚ್ಚಿನ ಭಯದಿಂದ ಬೆಂಕಿ ನಿಷೇಧ ಘೋಷಿಸಿದ ದಿನಗಳಲ್ಲಿ ಹಿತ್ತಲಲ್ಲಿ ಸೌದೆ, ಇದ್ದಿಲು ಹಚ್ಚಬಾರದು. ದಂಡ ದೊಡ್ಡದು, ಅಪಾಯ ಅದಕ್ಕಿಂತ ದೊಡ್ಡದು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ಗಳಿಗೆಯೂ ಬಿಡಬೇಡಿ. ಊರಿನಿಂದ ಬರುವಾಗ ಕರಿಬೇವು, ಹಸಿ ಹಣ್ಣು, ಬಿತ್ತನೆ ಬೀಜ ತರಬೇಡಿ, ಉಳಿದ ತಿಂಡಿಯನ್ನೆಲ್ಲ ದೇಶದೊಳಗೆ ಬರುವವರು ತುಂಬುವ ಚೀಟಿಯಲ್ಲಿ ಬರೆದು ತೋರಿಸಿ. ಸಂಡಿಗೆಗೆ ಪೆಟ್ಟಿಗೆಯಲ್ಲಿ ಜಾಗ ಮಾಡುವ ಬದಲು ಚಕ್ಕುಲಿ ಒರಳನ್ನೂ ಎರಡು ಹಳೆಯ ಪಂಚೆಯನ್ನೂ ಇಟ್ಟುಕೊಳ್ಳಿ.