ಶರಿಯಾ ಫಂಡನ್ನು ಯಾವುದರ ಪಕ್ಕ ಇಟ್ಟು ತೂಗಬೇಕು?

ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಘಟಕ. ಗೂಡು ಮಾರುಕಟ್ಟೆಗೆ ಹೋಗಿ ಗೂಡಿನ ಲಾಟು ಕೊಳ್ಳುವುದು ನಮ್ಮ ಅಬ್ಬಾ (ಅಪ್ಪ), ಲೆಕ್ಕ ಬರೆಯುವುದು ನಾನು. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧವಾದ್ದರಿಂದ ಉಳಿತಾಯ ಖಾತೆಗೆ ಬಿದ್ದ ಬಡ್ಡಿಯನ್ನು ಬೇರೆ ಚೀಟಿಯಲ್ಲಿ ಗುರುತು ಹಾಕಿಕೊಂಡು ಕಷ್ಟದಲ್ಲಿರುವವರಿಗೆ ಕೊಟ್ಟುಬಿಡುವ ಮನುಷ್ಯ ಅವರು. ಹೋದ ವರ್ಷ ಹಳೆಯ ನಿವೇಶನ ಮಾರಿದ ಹಣ ಬಂದಾಗ ಏಜೆಂಟರೊಬ್ಬರು ಮನೆಗೆ ಬಂದು ಬಣ್ಣದ ಹಾಳೆ ಹರಡಿದರು. ಎಡಗಡೆ ಶರಿಯಾ ಫಂಡ್, ಅಂದರೆ ಇಸ್ಲಾಮಿನ ನಿಯಮಕ್ಕೆ ಒಪ್ಪುವ ಕಂಪನಿಗಳ ಷೇರನ್ನಷ್ಟೇ ಕೊಳ್ಳುವ ಮ್ಯೂಚುವಲ್ ಫಂಡ್; ಬಲಗಡೆ ಮಾಮೂಲಿ ಫಂಡ್, ಕೆಳಗೆ ಒಂದು ವರ್ಷದ ಲಾಭ. "ನೋಡಿ, ನಿಮ್ಮದು ಎಷ್ಟು ಹಿಂದೆ!" ಬಲಗಡೆಯದು ಸಣ್ಣ ಕಂಪನಿಗಳ ಫಂಡ್ ಎಂಬುದನ್ನು ಅವರು ಹೇಳಲಿಲ್ಲ. ಮಿಶ್ರತಳಿ ಗೂಡಿನ ದರವನ್ನು ದ್ವಿತಳಿಯ ದರದ ಪಕ್ಕ ಬರೆದು ಮೋಸ ಹೋದೆವು ಎಂದು ಗೋಳಾಡಿದ ಹಾಗೆ.

ಆ ರಾತ್ರಿ ನಾನೇ ಲೆಕ್ಕಕ್ಕೆ ಕುಳಿತೆ.

ಮೊದಲು ಬುಟ್ಟಿಯೊಳಗೆ ಏನಿದೆ ನೋಡಿ. ಯಾವ ಯಾವ ಷೇರು ಎಷ್ಟಿದೆ ಎಂದು ಫಂಡ್ ಕಂಪನಿ ತಿಂಗಳಿಗೊಮ್ಮೆ ಹಾಕುವ ಫ್ಯಾಕ್ಟ್‌ಶೀಟ್ ಸಾಕು. ಶರಿಯಾ ಫಂಡಿನಲ್ಲಿ ಬ್ಯಾಂಕ್, ವಿಮೆ, ಮದ್ಯ, ಜೂಜಿನ ಕಂಪನಿಗಳಿಲ್ಲ. ಸಿಗರೇಟಿನ ದೆಸೆಯಿಂದ ಐಟಿಸಿ ಇಲ್ಲ. ಬಡ್ಡಿ ಸಾಲ ಮಿತಿ ಮೀರಿದವರೂ ಹೊರಗೆ. ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿ 50ರಲ್ಲಿ ಸುಮಾರು ಮೂರನೇ ಒಂದು ಭಾಗ ಹಣಕಾಸು ಕಂಪನಿಗಳದ್ದೇ. ಅಷ್ಟನ್ನು ಕಿತ್ತರೆ ಆ ಜಾಗಕ್ಕೆ ಐಟಿ, ಔಷಧ, ಸೋಪು-ಪೇಸ್ಟಿನ ಕಂಪನಿಗಳು ಬಂದು ಕೂರುತ್ತವೆ. 2021ರಲ್ಲಿ ನಿಫ್ಟಿ ಐಟಿ ಸೂಚ್ಯಂಕ ಶೇ 50ಕ್ಕೂ ಹೆಚ್ಚು ಏರಿತು; 2022ರಲ್ಲಿ ಸುಮಾರು ಕಾಲು ಭಾಗ ಕುಸಿಯಿತು, ಆ ವರ್ಷ ನಿಫ್ಟಿ 50 ಮಾತ್ರ ಶೇ 4ರಷ್ಟು ಮೇಲೆಯೇ ಇತ್ತು. ಒಂದೇ ವರ್ಷ ಹಿಡಿದರೆ ಯಾರನ್ನು ಬೇಕಾದರೂ ಗೆಲ್ಲಿಸಬಹುದು.

ಈಗ ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ. ಅಸಲು ಕೆಲಸ ಇದೇ. ಶರಿಯಾ ನಿಯಮದ ಟಾಟಾ ಎಥಿಕಲ್ ಫಂಡನ್ನೇ ತೆಗೆದುಕೊಳ್ಳಿ. ಮೊದಲ ಕಾಲಂ ಫಂಡಿನ ಲಾಭದ್ದು, ಮೂರನೆಯದು ಐನೂರು ಕಂಪನಿಗಳ ಸೂಚ್ಯಂಕವಾದ ನಿಫ್ಟಿ 500ರದ್ದು, ನಡುವಿನ ಎರಡನೆಯದು ಆ ಐನೂರರಲ್ಲಿ ಶರಿಯಾ ನಿಯಮಕ್ಕೆ ಒಪ್ಪುವವುಗಳ ನಿಫ್ಟಿ 500 ಶರಿಯಾ ಸೂಚ್ಯಂಕದ್ದು. ಒಂದಕ್ಕೂ ಎರಡಕ್ಕೂ ಇರುವ ಅಂತರ ಮ್ಯಾನೇಜರರ ಕೈಗುಣ ಮತ್ತು ಅವರ ಖರ್ಚು. ಎರಡಕ್ಕೂ ಮೂರಕ್ಕೂ ಇರುವ ಅಂತರ ನಿಯಮ ಪಾಲಿಸಿದ್ದಕ್ಕೆ ತೆತ್ತ ಬೆಲೆ, ಕೆಲವೊಮ್ಮೆ ಸಿಕ್ಕ ಲಾಭ. ಏಜೆಂಟರ ಹಾಳೆಯಲ್ಲಿ ಇವೆರಡೂ ಕಲಸಿಹೋಗಿದ್ದವು. ಸೂಚ್ಯಂಕದಲ್ಲಿ ಡಿವಿಡೆಂಡ್ ಸೇರಿದ ಟಿಆರ್‌ಐ ಅಂಕಿಯನ್ನೇ ಹಿಡಿಯಿರಿ. ಷೇರುಪೇಟೆಯ ನಿಯಂತ್ರಕ ಸೆಬಿ, ಫಂಡ್‌ಗಳು ತಮ್ಮನ್ನು ಹೋಲಿಸಿಕೊಳ್ಳಲು 2018ರ ಫೆಬ್ರುವರಿಯಿಂದ ಅದನ್ನೇ ಕಡ್ಡಾಯ ಮಾಡಿದೆ. ಫಂಡಿನ ಹಳೆಯ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ಫಂಡ್ ಕಂಪನಿಗಳ ಸಂಘವಾದ ಆಂಫಿಯ ತಾಣದಲ್ಲಿ, ಸೂಚ್ಯಂಕದ ಅಂಕಿ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯ ಸೂಚ್ಯಂಕ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮಾಮೂಲಿ ಫಂಡನ್ನೂ ಪಕ್ಕ ಇಡುವುದಾದರೆ ಎರಡೂ ಡೈರೆಕ್ಟ್ (ಏಜೆಂಟರ ಕಮಿಷನ್ ಇಲ್ಲದ್ದು), ಎರಡೂ ಗ್ರೋತ್ (ಲಾಭವನ್ನು ಹಂಚದೆ ಒಳಗೇ ಉಳಿಸುವುದು) ಇರಲಿ.

ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಎಂಬ ರೆಂಡಿಟ್ಟವನ್ನು ಒಂದೇ ಲಾಟು ನೋಡಿ ಯಾರೂ ಹೇಳುವುದಿಲ್ಲ. ಇಲ್ಲೂ ಹಾಗೆಯೇ: 2014ರಿಂದ 2019, 2015ರಿಂದ 2020, ಹೀಗೆ ಐದೈದು ವರ್ಷದ ತುಂಡುಗಳನ್ನು ಒಂದೊಂದು ವರ್ಷ ಸರಿಸುತ್ತಾ ಬರೆಯಿರಿ.

ಏಜೆಂಟರು ಇನ್ನೊಂದು ಕಡೆಯೂ ಜಾರಿದ್ದರು. ಎನ್‌ಎವಿ 20 ರೂಪಾಯಿ ಇದ್ದದ್ದು ಐದು ವರ್ಷಕ್ಕೆ 35 ಆಯಿತು ಎನ್ನಿ. ಏರಿದ್ದು ಶೇ 75; ಅದನ್ನು ಐದರಿಂದ ಭಾಗಿಸಿ ವರ್ಷಕ್ಕೆ ಶೇ 15 ಎನ್ನುವುದು ಅವರ ಲೆಕ್ಕ, ಲಾಭದ ಮೇಲೂ ಲಾಭ ಸೇರುವುದನ್ನು ಮರೆತದ್ದು. 35ನ್ನು 20ರಿಂದ ಭಾಗಿಸಿ, ಬಂದ 1.75ಕ್ಕೆ 0.2 (ಐದು ವರ್ಷವಾದ್ದರಿಂದ ಐದನೇ ಒಂದು) ಘಾತ ಹಾಕಿ, ಒಂದನ್ನು ಕಳೆಯಿರಿ: ಶೇ 11.8. ಮೊಬೈಲನ್ನು ಅಡ್ಡ ತಿರುಗಿಸಿದರೆ ಕ್ಯಾಲ್ಕುಲೇಟರಿನಲ್ಲಿ ಘಾತದ ಗುಂಡಿ ಕಾಣುತ್ತದೆ.

ಬೆಳಿಗ್ಗೆ ಪುಸ್ತಕ ತೋರಿಸಿದೆ. ಅಬ್ಬಾ ಕನ್ನಡಕ ಏರಿಸಿ ಮೂರೂ ಕಾಲಂ ಓದಿ, ಪೆನ್ನು ಕೇಳಿ ನಾಲ್ಕನೆಯ ಗೆರೆ ತಾವೇ ಎಳೆದರು. ಕಂಪನಿಗಳ ಆದಾಯದಲ್ಲಿ ಅಲ್ಪಸ್ವಲ್ಪ ಬಡ್ಡಿ ನುಸುಳಿರುತ್ತದಲ್ಲ, ಅಷ್ಟನ್ನು ತೆಗೆದು ದಾನ ಕೊಟ್ಟ ಮೇಲೆ ಉಳಿಯುವುದೆಷ್ಟು ಎಂದು ಬರೆಯಲು.